ಆಡದೆ ಉಳಿದ ಎರಡು ಪಂದ್ಯ

ಗಂಗಾವತಿಯ ಹುಡುಗಿಯರು ಕುಷ್ಟಗಿಯ ಹುಡುಗಿಯರೊಂದಿಗೆ ಎರಡು ಫುಟ್‌ಬಾಲ್ ಪಂದ್ಯ ಆಡುವುದು ಇನ್ನೂ ಬಾಕಿ ಇದೆ. ಒಂದು ಕುಷ್ಟಗಿಯ ನೆಲದಲ್ಲಿ, ಇನ್ನೊಂದು ಗಂಗಾವತಿಯ ನೆಲದಲ್ಲಿ. ಎರಡರ ಫಲಿತಾಂಶವೂ ಹೋದ ವರ್ಷವೇ ಬಂದಿದೆ. ಆಟ ಮಾತ್ರ ಆಗಿಲ್ಲ. ಆ ಬಾಕಿಯನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿರುವವನು ಯಂಕೋಬ. ಅವನ ಬಗ್ಗೆ ಕನಿಕರ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ತಪ್ಪು ಅವನದೂ ಇದೆ.

ಯಂಕೋಬ ನವಲಿಯವನು. ಮೀಸೆ ಮೂಡುವ ವಯಸ್ಸಿಗೆ ಗಂಗಾವತಿಯ ರೈಸ್ ಮಿಲ್ಲಿಗೆ ಹಮಾಲಿಯಾಗಿ ಬಂದ. ಈಗ ಐವತ್ತು ದಾಟಿದೆ. ಚೀಲ ಹೊತ್ತು ಹೊತ್ತು ಎಡಗಡೆಗೆ ವಾಲಿದ್ದಾನೆ. ಹಿಂದಿನಿಂದ ನೋಡಿದರೆ ಅಚ್ಚು ಸವೆದ ಬಂಡಿ ಹೊರಟಂತೆ ಕಾಣುತ್ತದೆ. ಹಮಾಲಿ ಸಂಘ ಕಟ್ಟಿದವರಲ್ಲಿ ಅವನೊಬ್ಬ. ಅವನದೊಂದು ಹಟವಿತ್ತು. ಮಾಲೀಕರ ಜೊತೆ ಏನೇ ಮಾತಾಗಿ ಬರಲಿ, ಪೇರಿಸಿಟ್ಟ ಚೀಲದ ಲಾಟಿನ ಮೇಲೆ ಹತ್ತಿ ನಿಂತು ಅದನ್ನು ಎಲ್ಲರಿಗೂ ಹೇಳಿ ಕೈ ಎತ್ತಿಸಬೇಕು. ಕೈ ಎತ್ತಿಸದ ಒಪ್ಪಂದ ಅವನಿಗೆ ಒಪ್ಪಂದವೇ ಅಲ್ಲ. ಇದಕ್ಕಾಗಿ ನಾವು ಮುಖಂಡರು ಅನ್ನಿಸಿಕೊಂಡವರು ಅವನಿಂದ ಎಷ್ಟೋ ಸಲ ಬೈಸಿಕೊಂಡಿದ್ದೇವೆ.

ಫುಟ್‌ಬಾಲ್ ಅವನಿಗೆ ಅಂಟಿದ್ದೂ ಮುಷ್ಕರದಲ್ಲೇ. ಒಂದು ಸಲ ಮಿಲ್ಲುಗಳ ಗೇಟಿನ ಮುಂದೆ ಧರಣಿ ಕೂತೆವು. ದಿನ ಸಾಗಿದವು, ಮಾತುಕತೆ ಸಾಗಲಿಲ್ಲ. ಹೊತ್ತು ಹೋಗದೆ ಯಾರೋ ಸಂತೆಯಿಂದ ಒಂದು ಚೆಂಡು ತಂದರು. ಖಾಲಿ ಚೀಲದ ಎರಡು ಗುಡ್ಡೆ ಮಾಡಿ ಗೋಲು ಅಂದರು. ಬಂದೋಬಸ್ತಿಗೆ ಬಂದ ಪೊಲೀಸರಿಗೂ ಬೇಸರ. ಅವರಲ್ಲೊಬ್ಬ ಲಾಠಿ ಗೋಡೆಗೆ ಒರಗಿಸಿ ಗೋಲು ಕಾಯ್ದ. ಮುಷ್ಕರ ಅರ್ಧ ಗೆದ್ದು ಅರ್ಧ ಸೋತು ಮುಗಿಯಿತು. ಚೆಂಡು ಯಂಕೋಬನ ಮನೆಗೆ ಹೋಯಿತು. ಹಮಾಲರ ಗಂಡುಮಕ್ಕಳು ಕ್ರಿಕೆಟ್ಟಿಗೆ ಬಿದ್ದಿದ್ದರು, ಕರೆದರೆ ಬರಲಿಲ್ಲ. ಹೆಣ್ಣುಮಕ್ಕಳು ಬಂದರು. ಊರಂಚಿನ ಸರ್ಕಾರಿ ಜಾಗದಲ್ಲಿ ಜಾಲಿ ಕಡಿದು, ಕಲ್ಲು ಆರಿಸಿ, ಬೊಂಬು ನೆಟ್ಟು ಮೈದಾನ ಮಾಡಿಕೊಂಡರು.

ಕಲಬುರಗಿಯಲ್ಲಿ ಪ್ರತಿವರ್ಷ ಹದಿನೇಳರೊಳಗಿನ ಹುಡುಗಿಯರ ಒಂದು ಟೂರ್ನಿ ನಡೆಯುತ್ತದೆ. ಜಿಲ್ಲೆಗೆ ಒಂದೇ ತಂಡ. ಆಡುವವರನ್ನು ನೋಡಿ ಕ್ರೀಡಾ ಹಾಸ್ಟೆಲಿಗೆ ಆರಿಸಿಕೊಳ್ಳುವವರೂ ಅಲ್ಲಿಗೆ ಬರುತ್ತಾರೆ. ಜಿಲ್ಲೆಯಿಂದ ಯಾರು ಹೋಗಬೇಕೆಂಬುದಕ್ಕೆ ಲೆಕ್ಕವಿರಲಿಲ್ಲ. ಯಾರಿಗೆ ಜೀಪು ಸಿಕ್ಕಿತೋ, ಯಾರ ಪರಿಚಯ ದೊಡ್ಡದೋ ಅವರು. ಇದನ್ನು ಕಂಡು ಯಂಕೋಬ ಕುದಿಯುತ್ತಿದ್ದ. ಅವನ ತಂಡದಲ್ಲಿ ದೀಪಿಕಾ ಎಂಬ ಹುಡುಗಿ ಗೋಲು ಕಾಯುತ್ತಿದ್ದಳು. ಅವಳ ತಾಯಿ ಕರಿಯವ್ವ ಪಾಲಿಗೆ ಗದ್ದೆ ಮಾಡುವಾಕೆ. ಬರುವ ಜನವರಿಯ ಟೂರ್ನಿ ದಾಟಿದರೆ ದೀಪಿಕಾಳ ವಯಸ್ಸು ಮೀರುತ್ತಿತ್ತು. ಹೋದರೆ ಈ ಸಲವೇ ಹೋಗಬೇಕು.

ಹೋದ ವರ್ಷದ ಆರಂಭದಲ್ಲಿ, ರಾಜಾಬೀಯ ಚಹಾದಂಗಡಿಯಲ್ಲಿ, ಫುಟ್‌ಬಾಲಿನ ಏಷ್ಯಾ ಕಪ್ಪಿಗೆ ದೇಶಗಳು ಹೇಗೆ ಹೋಗುತ್ತವೆ ಎಂದು ಅವನು ಅಲ್ಲಿದ್ದವರಿಗೆಲ್ಲ ಹೇಳುತ್ತಿದ್ದ.

"ಹದಿನೆಂಟು ದೇಶ ಆಗ್ಲೇ ಒಳಗ ಹೋಗ್ಯಾವ. ಇನ್ನ ಆರು ಜಾಗ ಉಳದಾವ. ಆ ಆರಕ್ಕ ಇಪ್ಪತ್ನಾಕು ದೇಶ ಬಡದಾಡಾಕತ್ತಾವ. ನಾಕು ನಾಕರ ಗುಂಪು. ನಮ್ಮ ಗುಂಪಿನ್ಯಾಗ ಬಾಂಗ್ಲಾ, ಹಾಂಗ್‌ಕಾಂಗ್, ಸಿಂಗಪುರ. ಒಬ್ಬೊಬ್ಬರ ಕೂಡ ಎರಡೆರಡು ಸಲ. ಒಮ್ಮಿ ಅವರ ಮನಿಗೆ ನಾವು, ಒಮ್ಮಿ ನಮ್ಮ ಮನಿಗೆ ಅವರು."

"ಅಂದ್ರ ಬೀಗರಂಗ," ಅಂದಳು ರಾಜಾಬೀ.

"ಹಾಂ, ಬೀಗರಂಗ. ಗೆದ್ರ ಮೂರು ಅಂಕ, ಸಮ ಆದ್ರ ಒಂದು, ಸೋತ್ರ ಸೊನ್ನಿ. ಕಡೀಕ ನಾಕರಾಗ ಒಬ್ರ ಒಳಗ."

"ನಾಕು ಮನಿಯವ್ರು ಬಂದು ಹೋಗಿ ಮಾಡೋದು, ನಿಶ್ಚಯ ಮಾತ್ರ ಒಬ್ರಿಗೆ? ಉಳದ ಮೂರು ಮನಿಯವ್ರು ತಿಂದ ಅವಲಕ್ಕಿ ಯಾರ ತಲಿ ಮ್ಯಾಲ ಬರಿಯೋದೋ ಯಂಕೋಬಾ?"

ಎಲ್ಲರೂ ನಕ್ಕರು. ಯಂಕೋಬ ನಗಲಿಲ್ಲ. ಅವನ ತಲೆ ಬೇರೆಲ್ಲೋ ಓಡಿತ್ತು.

"ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನಮ್ಮೂ ನಾಕ ಅದಾವಲ್ಲ!"

ಹಾಗೆ ಶುರುವಾಯಿತು. ನಾಲ್ಕೂ ಊರಿನ ಹುಡುಗಿಯರ ತಂಡ ಕೂಡಿಸಿದ. ಅಂಕದಲ್ಲಿ ಮೊದಲು ಬಂದವರು ಜಿಲ್ಲೆಯ ಪರವಾಗಿ ಕಲಬುರಗಿಗೆ. ಕುಷ್ಟಗಿಯ ತಂಡ ನೋಡಿಕೊಳ್ಳುತ್ತಿದ್ದವನು ಕೊಟ್ರೇಶ, ಮೋಟರು ರಿವೈಂಡಿಂಗ್ ಅಂಗಡಿಯವನು. ಯಲಬುರ್ಗಾ ತಂಡದಲ್ಲಿ ಅರ್ಧ ಮಂದಿ ತಳಕಲ್ಲಿನವರು. ಒಂದು ಟಂಟಂ ಆಟೋದಲ್ಲಿ ಇಡೀ ತಂಡ ತುಂಬಿಕೊಂಡು ಬರುತ್ತಿದ್ದರು, ಇಳಿದ ಮೇಲೆ ಅರ್ಧ ತಾಸು ಕಾಲು ನೀಟಾಗುತ್ತಿರಲಿಲ್ಲ. ನಿಯಮ ಯಂಕೋಬನೇ ಮಾಡಿದ, ಏಷ್ಯಾದ್ದು ನೋಡಿ. ಆತಿಥೇಯರು ಮೈದಾನ ಕೊಡಬೇಕು. ಕೊಡದಿದ್ದರೆ ಮೂರು-ಸೊನ್ನೆಯಿಂದ ಸೋತಂತೆ. ಎಲ್ಲರೂ ಒಪ್ಪಿದರು.

ತಾರೀಖನ್ನೂ ಏಷ್ಯಾದಿಂದಲೇ ತಂದ. "ದೇಶ ಆಡೋ ವಾರನ ನಾವೂ ಆಡಬೇಕು. ನಾವೂ ಅದರಾಗ ಅದೀವಿ ಅಂತ ಹುಡಿಗ್ಯಾರಿಗೆ ಅನ್ನಸಬೇಕು." ದೇಶದ ಕೊನೆಯ ಆಟ ಮಾತ್ರ ಮುಂದಿನ ಮಾರ್ಚಿಗಿತ್ತು; ಅಷ್ಟು ಕಾಯಲಾಗದೆ ನಮ್ಮ ಒಂದು ಸುತ್ತನ್ನು ನಡುವೆ ಸೆಪ್ಟೆಂಬರಿಗೆ ತುರುಕಿ, ನವೆಂಬರಿಗೆ ಎಲ್ಲ ಮುಗಿಯುವಂತೆ ಮಾಡಿದ.

ಗಂಗಾವತಿಯಲ್ಲಿ ನವೆಂಬರ್ ಎಂದರೆ ಏನೆಂದು ಹಸುಗೂಸಿಗೂ ಗೊತ್ತು. ಕಾಲುವೆಯ ನೀರಿಗೆ ನೆಟ್ಟ ಭತ್ತ ಆಗ ಕೊಯ್ಲಿಗೆ ಬರುತ್ತದೆ. ಯಂಕೋಬನಿಗೆ ಹೊಳೆಯಲಿಲ್ಲ. ಹಮಾಲನಿಗೆ ಭತ್ತ ಎಂದರೆ ಚೀಲ. ಮಿಲ್ಲಿನ ಬಾಗಿಲಿಗೆ ಬಂದ ಮೇಲೆಯೇ ಅದು ಅವನ ಹೆಗಲಿಗೆ ಬರುವುದು. ಅದಕ್ಕೂ ಮುಂಚೆ ಎಲ್ಲಿ ಹರವಿಕೊಂಡು ಬಿಸಿಲು ಕಾಯಿಸುತ್ತಿರುತ್ತದೆ ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಮೈದಾನದ ಕಲ್ಲು ಆರಿಸಿ ಅದನ್ನು ಅಂಗೈಯಂತೆ ಮಾಡಿದವನು ಅವನೇ. ಅಂಥ ನೆಲ ಸುತ್ತ ಹತ್ತು ಊರಲ್ಲಿ ಇನ್ನೊಂದಿರಲಿಲ್ಲ.

ಜೂನ್‌ನಲ್ಲಿ ಕುಷ್ಟಗಿಗೆ ಹೋದೆವು. ಬಿತ್ತನೆಯ ಕಾಲ. ಮೈದಾನದ ಪಕ್ಕದ ಗೋದಾಮಿಗೆ ಗೊಬ್ಬರ ಬರುತ್ತದೆ ಎಂದು ಸುದ್ದಿಯಾಗಿ ರೈತರು ಹಿಂದಿನ ದಿನದಿಂದ ಸಾಲು ಹಚ್ಚಿದ್ದರು. ಮನುಷ್ಯರು ಬೇವಿನ ನೆರಳಿಗೆ, ಸಾಲಿನಲ್ಲಿ ಅವರ ಚಪ್ಪಲಿ. ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ಹಾವಿನಂತೆ ಸುತ್ತಿದ ಚಪ್ಪಲಿ ಸಾಲು. ಅದನ್ನು ಕದಲಿಸಿದರೆ ತಲೆ ಒಡೆಯುತ್ತಿದ್ದವು.

ಕೊಟ್ರೇಶ ಕೈ ಮುಗಿದ. "ಅಣ್ಣಾ, ಎರಡ ದಿನ ತಡೀರಿ. ಗೊಬ್ಬರ ಬಂತಂದ್ರ ಚಪ್ಪಲಿ ತಾವ ನಡದು ಹೋಗತಾವ."

"ನಿಯಮ ಐತಿ ಕೊಟ್ರೇಶಾ. ಇವತ್ತು ನಿನಗ ಬಿಟ್ರ ನಾಳೆ ಕೊಪ್ಪಳದವ್ರು ಕೇಳತಾರ."

ಮೂರು-ಸೊನ್ನೆ. ಗಂಗಾವತಿ ಚೆಂಡು ಮುಟ್ಟದೆ ಗೆದ್ದು ಬಂತು. ಕುಷ್ಟಗಿಯ ಹುಡುಗಿಯರು ಬೂಟು ಕಟ್ಟಿಕೊಂಡು ಚಪ್ಪಲಿ ಸಾಲಿನ ಪಕ್ಕ ಕೂತಿದ್ದರು. ನಮ್ಮವರೂ ನಗಲಿಲ್ಲ.

ಜುಲೈನಲ್ಲಿ ದೇಶದ ಹೆಂಗಸರ ತಂಡ ಥಾಯ್ಲೆಂಡಿನಲ್ಲಿ, ಥಾಯ್ಲೆಂಡನ್ನೇ ಸೋಲಿಸಿ ಏಷ್ಯಾ ಕಪ್ಪಿಗೆ ದಾರಿ ಮಾಡಿಕೊಂಡಿತು. ಅಕ್ಟೋಬರಿನಲ್ಲಿ ಗಂಡಸರ ತಂಡ ಸಿಂಗಪುರಕ್ಕೆ ಮನೆಯಂಗಳದಲ್ಲೇ ಸೋತು ಹೊರಬಿತ್ತು. ಮರುದಿನ ಮೈದಾನದಲ್ಲಿ ದೀಪಿಕಾಳ ಬಾಯಿಗೆ ಬೀಗವಿರಲಿಲ್ಲ.

"ಕಾಕಾ, ಗಂಡಸ್ರ ತಾರೀಖು ಹಿಡದು ಆಡಸಾಕತ್ತೀದಿ ನಮ್ಮನ್ನ. ಅವ್ರು ಮನಿಗೆ ಬಂದ್ರು. ನಮ್ಮಕ್ಕಗೋಳು ಹೋದ್ರು ನೋಡು!"

"ನೀ ಮೊದಲ ಕಲಬುರಗಿಗೆ ಹೋಗು, ಆಮ್ಯಾಲ ಮಾತಾಡು."

"ಹೋಗತೀನಿ ಬಿಡು. ಕುಷ್ಟಗಿಯವ್ರ ಚೆಂಡು ನನ್ನ ದಾಟಿದ್ರ ನನ್ನ ಹೆಸರ ಬದಲಿಸು."

ಸುಮ್ಮನೆ ಕೊಚ್ಚಿಕೊಂಡದ್ದಲ್ಲ. ಕೊನೆಯ ಪಂದ್ಯಕ್ಕೆ ಬರುವಾಗ ಗಂಗಾವತಿ ಕುಷ್ಟಗಿಗಿಂತ ಒಂದು ಅಂಕ ಮುಂದಿತ್ತು. ಉಳಿದಿಬ್ಬರು ಹಿಂದೆ ಬಿದ್ದಿದ್ದರು. ಈಗ ಕುಷ್ಟಗಿ ನಮ್ಮ ಮನೆಗೆ ಬರಬೇಕು. ಸಮ ಆದರೂ ಕಲಬುರಗಿ ನಮ್ಮದೇ.

ಪಂದ್ಯಕ್ಕೆ ಎರಡು ದಿನ ಮುಂಚೆ ಮೋಡ ಕಟ್ಟಿತು. ಯಂತ್ರದಲ್ಲಿ ಕೊಯ್ದ ಹಸಿ ಭತ್ತ ಊರ ತುಂಬ. ಮಾರುಕಟ್ಟೆ ಅಂಗಳ ಭರ್ತಿ, ರಸ್ತೆಯ ಎರಡೂ ಅಂಚು ಭರ್ತಿ. ಯಂಕೋಬ ದುಡಿಯುವ ಮಿಲ್ಲಿನ ಕಾಂಕ್ರೀಟ್ ಅಂಗಳ ಮಾತ್ರ ಖಾಲಿ, ಗೇಟಿಗೆ ಬೀಗ. ಒಬ್ಬರಿಗೆ ಬಿಟ್ಟರೆ ಊರೇ ಬರುತ್ತದೆ ಎಂದು ಮಾಲೀಕ ತೆಗೆಯಲಿಲ್ಲ. ಕರಿಯವ್ವ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಮೈದಾನಕ್ಕೆ ಬಂದಳು.

"ಯಂಕೋಬಣ್ಣ, ಚೀಲದಾಗ ಕೈ ಹಾಕಿ ನೋಡು. ಬಿಸಿ ಆಗೇತಿ. ನಾಳೆತನಕ ಇಟ್ರ ಮೊಳಕಿ ಬರತೈತಿ. ಎಲ್ಲಿ ಸುರೀಲಿ, ನೀನ ಹೇಳು."

"ನಾಡಿದ್ದ ಆಟ ಐತವ್ವ."

"ನನಗ ಗೊತ್ತಿಲ್ಲೇನು? ಗೋಲು ಕಾಯಾಕಿ ನನ್ನ ಹೊಟ್ಯಾಗ ಹುಟ್ಟಿದಾಕಿ. ಒಂದ ಮೂಲ್ಯಾಗ ಹಾಕ್ತೀನಿ."

ಅವನು ಚೀಲಕ್ಕೆ ಕೈ ಹಾಕಿದ. ಬೆಂದ ಭತ್ತದ ಬಿಸಿ ಹಮಾಲನಿಗೆ ತಿಳಿಯದೇ? "ಸುರಿ," ಅಂದ.

ಮೂಲೆಯಲ್ಲಿ ಒಬ್ಬಳು ಸುರಿದದ್ದನ್ನು ಕಂಡು ಮತ್ತೊಬ್ಬರು ಬಂದರು, ಅವರ ಹಿಂದೆ ಇನ್ನೊಬ್ಬರು. ಅಲ್ಲಿಂದ ಇಲ್ಲಿಯವರೆಗೆ ಹಳದಿ. ನಡುವೆ ಎರಡು ಜೊತೆ ಬೊಂಬು. ಹರವಿದ ಭತ್ತವನ್ನು ಒಣಗುವ ಮುಂಚೆ ಯಾರೂ ಬಳಿಯುವುದಿಲ್ಲ. ಕಾಳಿನ ಮೇಲೆ ಬೂಟುಗಾಲು ಇಡುವ ಮಂದಿಯೂ ನಮ್ಮಲ್ಲಿಲ್ಲ. ಯಾರನ್ನೂ ಬಯ್ಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಯಂಕೋಬ ರಾಜಾಬೀಯ ಅಂಗಡಿಯಿಂದಲೇ ಕೊಟ್ರೇಶನಿಗೆ ಫೋನ್ ಹಚ್ಚಿದ. ನಾವು ಪಕ್ಕದಲ್ಲೇ ಇದ್ದೆವು.

"ಕೊಟ್ರೇಶಾ, ಮೈದಾನ ಇಲ್ಲ. ಮೂರು-ಸೊನ್ನಿ ಬರಕೋ."

"ಏನ್ ಮಾತಾಡ್ತೀರಿ ಅಣ್ಣಾ? ಎರಡ ದಿನ ತಡದ ಆಡೂಣು. ಇಲ್ಲಂದ್ರ ನಮ್ಮೂರಿಗೇ ಕರಕೊಂಡ ಬರ್ರಿ. ಮೈದಾನ ಖಾಲಿ ಐತಿ. ಈಗ ಚಪ್ಪಲಿ ಇಲ್ರಿ!"

"ಜೂನ್‌ದಾಗ ನೀ ಕೇಳಿದಿ, ನಾ ಇಲ್ಲಂದೆ. ಇವತ್ತು ನನಗ ಬೇಕಾತು ಅಂತ ನಿಯಮ ಮುರೀಲೇನು? ನಾಳೆ ಮಿಲ್ಲಿನ ಮಾಲಕಗ ಯಾವ ಬಾಯಿಲೆ ನಿಯಮ ಹೇಳ್ಲಿ?"

"ನಮ್ಮ ಹುಡಿಗ್ಯಾರಿಗೆ ಪುಕ್ಕಟಿ ಅಂಕ ಬ್ಯಾಡ್ರಿ ಅಣ್ಣಾ. ಆಡಬೇಕಂತಾರ."

"ಬರಕೋ," ಎಂದು ಫೋನ್ ಇಟ್ಟ.

ರಾಜಾಬೀ ಸೋಸುವುದನ್ನು ನಿಲ್ಲಿಸಿದಳು. "ನಿನ್ನ ಹುಡಿಗ್ಯಾರನ್ನ ಕೇಳಿಯೇನೋ?"

"ಅವ್ರಿಗೇನ ತಿಳೀತೈತಿ, ಸಣ್ಣ ಹುಡಿಗ್ಯಾರು."

"ಮಾಲಕನೂ ನಿಮಗ ಹಿಂಗ ಅಂತಿದ್ದ ನೋಡು."

ಅವನು ಚಹಾ ಅಲ್ಲೇ ಬಿಟ್ಟು ಎದ್ದು ಹೋದ.

ಪಂದ್ಯದ ದಿನ ನಾನೂ ಅವನೂ ಮೈದಾನಕ್ಕೆ ಹೋದೆವು. ಬಿಸಿಲು ಬಿದ್ದಿತ್ತು. ದೀಪಿಕಾ ಭತ್ತ ತಿರುವುತ್ತಿದ್ದಳು. ಬರಿಗಾಲನ್ನು ಎಳೆಯುತ್ತ ಕಾಳಿನಲ್ಲಿ ಗೆರೆ ಕೊರೆಯುತ್ತ ನಡೆಯಬೇಕು, ಹಾಗಾದರೇ ಕೆಳಗಿನ ಕಾಳು ಮೇಲೆ ಬರುವುದು. ತಾನು ನಿಲ್ಲಬೇಕಿದ್ದ ಗೋಲಿನಿಂದ ಎದುರಿನ ಗೋಲಿಗೆ ಹೋಗುತ್ತಿದ್ದಳು, ತಿರುಗಿ ಬರುತ್ತಿದ್ದಳು. ನಮ್ಮನ್ನು ಕಂಡು ನಿಂತಳು.

"ಕಾಕಾ, ಕುಷ್ಟಗಿಯವ್ರು ಅವರ ಮೈದಾನಕ್ಕ ಕರದಿದ್ರಂತ. ಖರೇನ?"

"ಹೌದವ್ವ."

"ನಮ್ಮನ್ನ ಕೇಳಿದೇನು?"

ಯಂಕೋಬ ಬಗ್ಗಿ ಅಂಚಿಗೆ ಚೆಲ್ಲಿದ ಕಾಳನ್ನು ಒಳಗೆ ಸರಿಸಿದ.

"ಕೇಳಿದ್ರ ಅಷ್ಟೂ ಮಂದಿ ಕೈ ಎತ್ತತಿದ್ವಿ. ನಡಕೋತರ ಕುಷ್ಟಗಿಗೆ ಹೋಗತಿದ್ವಿ."

ಅತ್ತ ಕರಿಯವ್ವ ಸೆರಗು ಬಾಯಿಗಿಟ್ಟುಕೊಂಡು, "ನನ್ನ ಭತ್ತದಿಂದ ಆತು," ಅಂದಳು.

"ನೀ ಸುಮ್ನಿರವ್ವ. ಭತ್ತ ಎಲ್ಲಾರೂ ಒಣಗಸ್ತಾರ," ಎಂದು ಹುಡುಗಿ ಮತ್ತೆ ಕಾಲು ಎಳೆಯತೊಡಗಿದಳು.

ಚೀಲದ ಲಾಟಿನ ಮೇಲೆ ನಿಂತು ಕೈ ಎತ್ತಿಸುತ್ತಿದ್ದವನು ಇವನೇ. ಹಮಾಲರನ್ನು ಕೇಳದೆ ನಾಲ್ಕು ಪೈಸೆಗೂ ಒಪ್ಪದವನು, ಹುಡುಗಿಯರನ್ನು ಕೇಳದೆ ಅವರ ವರ್ಷವನ್ನು ಕೊಟ್ಟು ಬಂದ. ತನ್ನ ಮಾತು ನೆಟ್ಟಗಿರಲಿ ಎಂದು. ಈ ರೋಗ ಚಳವಳಿಯವರಲ್ಲಿ ಬೇಕಾದಷ್ಟಿದೆ. ನಮ್ಮ ನಿಷ್ಠೆಗೆ ಬೇರೆಯವರ ಹರೆಯ ಖರ್ಚು ಮಾಡುತ್ತೇವೆ.

ಜನವರಿಯಲ್ಲಿ ಕುಷ್ಟಗಿಯವರು ಕಲಬುರಗಿಗೆ ಹೋದರು. ಅವರಲ್ಲಿ ಇಬ್ಬರನ್ನು ಹಾಸ್ಟೆಲಿಗೆ ಆರಿಸಿಕೊಂಡರು. ಕೊಟ್ರೇಶ ಈಗಲೂ "ನಾವು ಗೆದ್ದು ಹೋದದ್ದಲ್ರಿ" ಎನ್ನುತ್ತಾನೆ. ದೀಪಿಕಾ ಗಂಗಾವತಿಯ ಒಂದು ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚುತ್ತಾಳೆ. ಮೈದಾನದ ಕಡೆ ಬರುವುದಿಲ್ಲ. ರಸ್ತೆಯಲ್ಲಿ ಯಂಕೋಬ ಸಿಕ್ಕರೆ, "ಊಟ ಆತ್ರೀ ಕಾಕಾ?" ಎಂದು ಕೇಳಿ ಮುಂದೆ ಹೋಗುತ್ತಾಳೆ. ಆ ಮರ್ಯಾದೆ ಅವನಿಗೆ ಚುಚ್ಚುತ್ತದೆ. ಮೊದಲು ಅವಳು ಅವನನ್ನು ಬೈಯುತ್ತಿದ್ದಳು.

ಯಂಕೋಬ ಆಡಿಸುವುದನ್ನು ಬಿಟ್ಟಿಲ್ಲ. ಈಗ ಸಣ್ಣ ಹುಡುಗಿಯರು ಬರುತ್ತಾರೆ. ಯಾವ ಊರಿನವರ ಜೊತೆ ಯಾವತ್ತು ಆಡಬೇಕೆಂದು ಅವರನ್ನೇ ಕೇಳುತ್ತಾನೆ. ಅವರು ಎರಡೂ ಕೈ ಎತ್ತಿ ಗಲಾಟೆ ಮಾಡುತ್ತಾರೆ. ಅವನು ಎಣಿಸುತ್ತ ನಿಲ್ಲುತ್ತಾನೆ.

ಮತ್ತೆ ನವೆಂಬರ್ ಬರುತ್ತದೆ, ಮತ್ತೆ ಹಸಿ ಭತ್ತ ಬರುತ್ತದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಮಿಲ್ಲಿನ ಅಂಗಳ ಇರುವವರಿದ್ದೀರಿ, ಕಲ್ಯಾಣಮಂಟಪ ಇರುವವರಿದ್ದೀರಿ, ಮಾರಾಟವಾಗದ ಲೇಔಟಿನಲ್ಲಿ ಸಿಮೆಂಟು ರಸ್ತೆ ಹಾಕಿ ಬೇಲಿ ಬಿಗಿದವರಿದ್ದೀರಿ. ಬೀಗ ತೆಗೆಯಿರಿ. ಒಂದು ವಾರ ಭತ್ತಕ್ಕೆ ಕೊಡಿ, ಮೈದಾನ ಹುಡುಗಿಯರಿಗೆ ಉಳಿಯಲಿ. ಬಾಕಿ ಇರುವ ಎರಡು ಪಂದ್ಯಗಳನ್ನು ಅದೇ ಹುಡುಗಿಯರಿಂದ, ವಯಸ್ಸು ಮೀರಿದವರಿಂದಲೇ, ಎರಡೂ ಊರಲ್ಲಿ ಆಡಿಸಿ. ಕಪ್ಪು ಬೇಡ, ಹಾರ ಬೇಡ, ಭಾಷಣವಂತೂ ಬೇಡವೇ ಬೇಡ. ತಾರೀಖು ಬೇಕು. ಸೀರೆ ಅಂಗಡಿಗೆ ಹೋಗಿ ಮೊದಲು ದೀಪಿಕಾಳನ್ನು ಕೇಳಿ, ಆಮೇಲೆ ಹೇಳಿ: ಯಾವತ್ತು?