ಟ್ಯಾಂಕಿನೊಳಗಿನ ಅಕ್ಕಿ

ಮೊನ್ನೆ ನನ್ನ ಸೊಸೆ ಪೇಟೆಯಿಂದ ಹೊಸ ಸ್ಟೀಲ್ ಡಬ್ಬ ತಂದಳು. ಹೊಸಿಲು ದಾಟುವ ಮೊದಲೇ ಅದಕ್ಕೊಂದು ಹಿಡಿ ಅಕ್ಕಿ ಹಾಕಿದಳು. ಹೊಸ ಪಾತ್ರೆ ಬರಿದಾಗಿ ಮನೆಯೊಳಕ್ಕೆ ಬರಬಾರದು ಎಂದು ಅವಳಿಗೆ ಕಲಿಸಿದವಳು ನಾನೇ. ಆದರೂ ಡಬ್ಬದೊಳಗೆ ಅಕ್ಕಿ ಗಲಗಲ ಎಂದಾಗ ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಕಿವಿಗೆ ಹಿಡಿದೆ. ಯಾಕೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ನಮ್ಮ ಯಜಮಾನರಿಗೆ ನಂಜನಗೂಡಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಹಗಲೆಲ್ಲ ಮೋಟರುಗಳ ಸದ್ದಿನಲ್ಲಿ ಕೂತು ಕೂತು ಐವತ್ತು ತುಂಬುವ ಹೊತ್ತಿಗೇ ಅವರ ಕಿವಿ ಮಂದವಾಗಿತ್ತು. ದೊಡ್ಡ ಸದ್ದು ಕೇಳುತ್ತಿತ್ತು, ಸಣ್ಣದು ಇಲ್ಲ. ನಾನು ಊಟಕ್ಕೆ ಕರೆದರೆ ಕೇಳುತ್ತಿತ್ತು, ನೀರು ಸೇದಿ ಕೊಡಿ ಎಂದರೆ ಕೇಳುತ್ತಿರಲಿಲ್ಲ. ಅದರಲ್ಲಿ ಕಿವುಡು ಎಷ್ಟು, ಕಳ್ಳತನ ಎಷ್ಟು ಎಂದು ನಾನು ಕೊನೆಯವರೆಗೂ ಬಗೆಹರಿಸಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ದಿನ ಲಾರಿಯಲ್ಲಿ ಉದ್ದುದ್ದ ಮರದ ಪೆಟ್ಟಿಗೆಗಳು ಬಂದು ಅಂಗಡಿಯ ಹಿಂದಿನ ಶೆಡ್ಡಿಗೆ ಇಳಿದವು.

“ಏನ್ರೀ ಇದು?”

“ಏರೋಪ್ಲೇನು ಕಣೇ.”

“ಪೆಟ್ಟಿಗೇಲಾ?”

“ಬಿಡಿಬಿಡಿಯಾಗಿ ಬತ್ತದೆ. ನಾವೇ ಜೋಡಿಸ್ಕಬೇಕು.”

ಮಂಚ ಜೋಡಿಸಿದರೆ ಒಂದು ಬೋಲ್ಟು ಕೈಯಲ್ಲಿ ಉಳಿಸಿಕೊಂಡು ನಿಲ್ಲುತ್ತಿದ್ದ ಮನುಷ್ಯ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬೇರಿಂಗು ತರುತ್ತೇನೆಂದು ಬೆಂಗಳೂರಿಗೆ ಹೋಗಿ ಬರುತ್ತಿದ್ದರಲ್ಲ, ಅದೆಲ್ಲ ವಿಮಾನ ಬಿಡುವುದನ್ನು ಕಲಿಯಲು ಎಂದು ಆವತ್ತು ಗೊತ್ತಾಯಿತು. ನಾಲ್ಕು ದಿನ ನಾನು ಮಾತು ಬಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ. ಕೇಳಿಸುತ್ತಿಲ್ಲ ಎಂದುಕೊಂಡಿದ್ದರಂತೆ.

ಒಬ್ಬರು ಮಾತ್ರ ಕೂರುವ ವಿಮಾನ ಅದು. ಎರಡು ವರ್ಷ ಹಿಡಿದು ಜೋಡಿಸಿದರು. ಎಲ್ಲ ಆದರೂ ಪೆಟ್ರೋಲ್ ಟ್ಯಾಂಕು ಒಂದು ಉಳಿಯಿತು. ಪೆಟ್ಟಿಗೆಯಲ್ಲಿ ಬಂದದ್ದು ದಾರಿಯಲ್ಲೇ ಜಜ್ಜಿಹೋಗಿ ಸೀಳುಬಿಟ್ಟಿತ್ತು. ಇನ್ನೊಂದನ್ನು ಹೊರದೇಶದಿಂದ ತರಿಸಿಕೊಳ್ಳುವಷ್ಟು ತಾಳ್ಮೆ ಅವರಿಗಿರಲಿಲ್ಲ. ತಿ. ನರಸೀಪುರದಲ್ಲಿ ಸಿದ್ದಾಚಾರಿ ಎಂದು ಒಬ್ಬರಿದ್ದರು. ಟ್ರಂಕು, ಹಾಲಿನ ಕ್ಯಾನು ಮಾಡುವವರು, ಅಲ್ಯೂಮಿನಿಯಂಗೆ ವೆಲ್ಡಿಂಗ್ ಹಾಕುವುದರಲ್ಲಿ ಒಳ್ಳೆಯ ಕೈ. ಅವರಿಗೆ ಒಪ್ಪಿಸಿದರು. ಪೆಟ್ರೋಲು ಒಂದೇ ಕಡೆಗೆ ನುಗ್ಗಬಾರದು ಎಂದು ಒಳಗೆ ಅಡ್ಡಡ್ಡ ತಗಡು ಕೂರಿಸಿ, ಆಚಾರಿ ಚೆನ್ನಾಗಿಯೇ ಮಾಡಿದರು. ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬೆಸುಗೆಯ ಮೇಲೆಲ್ಲ ಸೋಪಿನ ನೊರೆ ಬಳಿದು ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಟ್ಯಾಂಕು ತರುವ ದಿನ ನಾನೂ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಕಂಡಕ್ಟರು ಕೇಳಿದ, “ಏನ್ ಸಾ, ಔಷಧಿ ಹೊಡ್ಯೋ ಡಬ್ಬನಾ?” ಇವರು ಹೂಂ ಎಂದರು. ಕೇಳಿಸಿರಲಿಲ್ಲ, ಅಷ್ಟೆ.

ಮನೆ ಬಾಗಿಲಲ್ಲಿ ನಾನು ಸೆರಗಿನ ಗಂಟು ಬಿಚ್ಚಿದೆ. ಹೊಸ ಪಾತ್ರೆಗೆ ಹಾಕಲೆಂದು ಒಂದು ಹಿಡಿ ಅಕ್ಕಿ ಕಟ್ಟಿಕೊಂಡೇ ಹೋಗಿದ್ದೆ. ಎಂಥ ಪಾತ್ರೆ, ಯಾತಕ್ಕೆ ಎಂದೆಲ್ಲ ನಾನು ಯೋಚಿಸಿದವಳಲ್ಲ. ಟ್ಯಾಂಕಿನ ಬಾಯಿ ತೆರೆಯಲು ಅದನ್ನು ವಾಲಿಸಿದೆ. ಒಳಗೆ ಆಗಲೇ ಗಲಗಲ ಎಂದಿತು.

“ಇದರೊಳಗೆ ಅಕ್ಕಿ ಐತೆ ಕಣ್ರೀ.”

“ಹುಚ್ಚಿ, ಅಕ್ಕಿ ಎಲ್ಲಿಂದ ಬತ್ತದೆ?”

ಬಗ್ಗಿಸಿದರೆ ಅಂಗೈಗೆ ನಾಲ್ಕು ಕಾಳು ಬಿದ್ದವು. ಅವರ ಮುಖ ನೋಡಬೇಕಿತ್ತು ನೀವು.

ಮಾರನೆಯ ದಿನ ಇಬ್ಬರೂ ಮತ್ತೆ ನರಸೀಪುರಕ್ಕೆ ಹೋದೆವು. ಆಚಾರಿ ಒಂದಿಷ್ಟೂ ಅಳುಕಲಿಲ್ಲ. “ಬರಿ ಪಾತ್ರೆ ಎಂಗ್ ಸಾ ಕೊಟ್ ಕಳ್ಸಾದು? ನಮ್ಮಪ್ಪನ ಕಾಲದಿಂದ್ಲೂ ಒಂದು ಇಡಿ ಅಕ್ಕಿ ಆಕೇ ಕೊಡಾದು.”

“ಪಾತ್ರೆ ಅಲ್ಲ ಆಚಾರೀ, ಏರೋಪ್ಲೇನ್ ಟ್ಯಾಂಕು! ಒಂದು ಕಾಳು ಹೋಗಿ ಪೈಪಿಗೆ ಸಿಕ್ಕಾಕೊಂಡ್ರೆ ಇಂಜಿನ್ ಆಕಾಶದಲ್ಲೇ ನಿಂತೋಯ್ತದೆ.”

ಆಚಾರಿಯ ಕೈಯಲ್ಲಿದ್ದ ಸುತ್ತಿಗೆ ಕೆಳಗಿಳಿಯಿತು. “ಕುಯ್ದು ತೆಗೀಲಾ ಸಾ? ಆದ್ರೆ ಒಂದ್ಸಲ ಕುಯ್ದ ಮೇಲೆ ಬೆಸುಗೆ ಮೊದಲ್ನಂಗೆ ಕೂರಕಿಲ್ಲ. ಸೋರ್ತದೆ.”

ಆಚಾರಿಯನ್ನು ಬೈಯಲು ನನಗೆ ಮುಖವಿರಲಿಲ್ಲ. ನನ್ನ ಸೆರಗಿನಲ್ಲೂ ಅಕ್ಕಿ ಇತ್ತಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ಅಕ್ಕಿ ತೆಗೆಯುವ ಕೆಲಸ. ಪೆಟ್ರೋಲು ಹುಯ್ದು ಕುಲುಕುವುದು, ಬಟ್ಟೆಯಲ್ಲಿ ಸೋಸುವುದು, ಒಣಗಿಸುವುದು, ಮತ್ತೆ ಕುಲುಕುವುದು. ಮೊದಮೊದಲು ಸಲೀಸಾಗಿ ಬಂದವು. ಆಮೇಲೆ ಒಂದು, ಎರಡು. ಅಡ್ಡ ತಗಡುಗಳ ಮೂಲೆಯಲ್ಲಿ ಸೇರಿಕೊಂಡವು ಬರಲು ಒಲ್ಲವು. ಮೊರ ಹಿಡಿದ ಕೈ ನನ್ನದು, ಕಾಳನ್ನು ಬೇಕಾದ ಮೂಲೆಗೆ ಓಡಿಸುವುದು ಗೊತ್ತು. ಅವರು ಒಂದು ಕಡೆ ಹಿಡಿದರೆ ನಾನು ಇನ್ನೊಂದು ಕಡೆ. ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಪಡಸಾಲೆಯಲ್ಲಿ ಎದುರುಬದುರು ಕೂತು ಟ್ಯಾಂಕನ್ನು ತೊಟ್ಟಿಲ ಹಾಗೆ ತೂಗುವುದು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕೂತದ್ದು ನನಗಂತೂ ನೆನಪಿಲ್ಲ. ಮನೆಯೆಲ್ಲ ಪೆಟ್ರೋಲಿನ ವಾಸನೆ. ಒಲೆ ಹಚ್ಚಲು ಹೆದರಿಕೆಯಾಗಿ ಹಿತ್ತಿಲಲ್ಲಿ ಅಡುಗೆ ಮಾಡುತ್ತಿದ್ದೆ.

ತೂಗಿದ ಮೇಲೆ ನಾನು ಟ್ಯಾಂಕಿಗೆ ಕಿವಿ ಇಡಬೇಕು. ಅವರಿಗೆ ಕೇಳಿಸುವುದಿಲ್ಲವಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದರು.

“ಐತಾ?”

“ಐತೆ.”

ಒಂದು ಕಾಳು ಮಾತ್ರ ಉಳಿದಿತ್ತು. ಟಿಕ್ ಎಂದು ಒಂದು ಸಲ ಹೇಳಿ ಸುಮ್ಮನಾಗುತ್ತಿತ್ತು, ಕಳ್ಳ ಮುಂಡೇದು.

ಆಗ ನನಗೆ ಒಂದು ಯೋಚನೆ ಬಂತು. ಕಾಳು ಹೋದ ಮೇಲೂ ನಾನು ‘ಐತೆ’ ಎನ್ನುತ್ತಲೇ ಇದ್ದರೆ? ಈ ಮನುಷ್ಯ ನೆಲ ಬಿಟ್ಟು ಏಳುವುದಿಲ್ಲ. ನನ್ನ ತಾಳಿ ನನ್ನ ಕೊರಳಲ್ಲಿ ಇರುತ್ತದೆ. ಒಂದು ಮಾತು ಸಾಕು. ಅದೂ ನಾಳೆಯಿಂದ ಹೊಸದಾಗಿ ಹೇಳಬೇಕಾದ ಮಾತಲ್ಲ, ದಿನಾ ಹೇಳುತ್ತಿದ್ದದ್ದೇ. ಆ ಯೋಚನೆ ಬಂದ ಮೇಲೆ ಟ್ಯಾಂಕಿಗೆ ಕಿವಿ ಇಡುವಾಗಲೆಲ್ಲ ನನ್ನ ಎದೆಯದೇ ಸದ್ದು ಕೇಳುತ್ತಿತ್ತು.

ನಾನೇ ಒಂದು ಸಂಜೆ ಹೇಳಿದೆ, “ಬೇರೆ ಯಾರ್ನಾದ್ರೂ ಕರ್ದು ಕೇಳ್ಸಿ. ಅಂಗಡಿ ಹುಡುಗ್ರಿಲ್ವಾ?”

ಅವರು ಬೇಡವೆಂದು ತಲೆ ಆಡಿಸಿದರು. “ಅವ್ರು ನಂಗೆ ಏನು ಬೇಕೋ ಅದನ್ನ ಹೇಳ್ತಾರೆ. ನೀನು ಹುಟ್ಟಿದಾಗಿಂದ ಅಂಥದ್ದು ಒಂದೂ ಹೇಳ್ದೋಳಲ್ಲ.”

ಹೊಗಳಿದ್ದೋ ಬೈದದ್ದೋ ನೀವೇ ಹೇಳಿ.

ಕೊನೆಗೆ ಒಂದು ಸಂಜೆ ತೂಗಿ ಕಿವಿ ಇಟ್ಟೆ. ಏನೂ ಇಲ್ಲ. ಮಗ್ಗುಲು ತಿರುಗಿಸಿ ಇಟ್ಟೆ. ತಲೆಕೆಳಗು ಮಾಡಿ ಇಟ್ಟೆ. ಇಲ್ಲ. ಸೋಸಿದ ಬಟ್ಟೆಯಲ್ಲಿ ಬೆರಳಾಡಿಸಿದರೆ ನುಚ್ಚಾದ ಒಂದು ಕಾಳು ಅಂಟಿಕೊಂಡಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ‘ಐತೆ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಎರಡು ವರ್ಷ ಆ ಶೆಡ್ಡಿಗೆ ನಾನೇ ಊಟ ಒಯ್ದು ಕೊಟ್ಟಿದ್ದೆ. ತಣ್ಣಗಾದ ಮುದ್ದೆಯನ್ನು ಅಲ್ಲೇ ನಿಂತು, ಆ ರೆಕ್ಕೆಯನ್ನೇ ನೋಡುತ್ತಾ ನುಂಗುತ್ತಿದ್ದ ಮನುಷ್ಯ.

“ಇಲ್ಲ,” ಎಂದೆ. “ಹೋಗ್ರಿ.”

ಎದ್ದು ಹಿತ್ತಿಲಿಗೆ ಹೋಗಿ ಒಲೆ ಊದಿದೆ. ಆವತ್ತು ಹೊಗೆ ಜಾಸ್ತಿ ಇತ್ತು.

ಹಾರಲು ಸರ್ಕಾರದ ಅಪ್ಪಣೆ ಕಾಗದ ಬಂದ ಮೇಲೆ, ನರಸೀಪುರದ ದಾರಿಯಲ್ಲಿ ಪರಿಚಯದವರ ಬೀಳು ಹೊಲದಿಂದ ಹಾರಿದರು. ನಾನು ಬದುವಿನ ಮೇಲೆ ಕೂತಿದ್ದೆ. ಕಣ್ಣು ಮುಚ್ಚಿಕೊಂಡಿದ್ದೆ, ಕಿವಿ ಮಾತ್ರ ತೆರೆದಿತ್ತು. ಇಂಜಿನ್ನಿನ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಲ್ಲಲಿಲ್ಲ. ಮತ್ತೆ ದೊಡ್ಡದಾಗಿ ನೆಲಕ್ಕೆ ಬಂತು. ಇಳಿದವರೇ ನನ್ನ ಹತ್ತಿರ ಬಂದು ಕೂತರು.

“ಏನ್ ಕಾಣ್ತು?”

“ಕಪಿಲೆ ಕಾವೇರಿ ಸೇರೋದು ಕಾಣ್ತು ಕಣೇ. ಸೇರಿದ ಮೇಲೂ ಒಸಿ ದೂರ ಬೇರೆ ಬೇರೆನೇ ಹೋಯ್ತವೆ. ಒಂದು ಕೆಂಪು, ಒಂದು ಹಸುರು.”

ಅವರು ಹೋಗಿ ಕೆಲವು ವರ್ಷಗಳಾದವು. ಬಿದ್ದು ಅಲ್ಲ, ಎಲ್ಲರಂತೆ ಮಂಚದ ಮೇಲೆ, ಸಕ್ಕರೆ ಕಾಯಿಲೆಯಲ್ಲಿ. ಹೋದ ವಾರ ಒಂದು ಮದುವೆಗೆಂದು ಸೊಸೆಯ ಜೊತೆ ನರಸೀಪುರಕ್ಕೆ ಹೋದಾಗ ಸೇತುವೆ ಹತ್ತಿರವೇ ಬಸ್ಸು ಇಳಿದೆ. ಕಂಬಿ ಹಿಡಿದು ನಿಂತು, ನದಿಗಳು ಸೇರುವ ಕಡೆ ನೋಡಿದೆ. ನೀರು ಒಂದೇ ಬಣ್ಣ, ಕೆಸರು. ಪಕ್ಕದಲ್ಲಿ ನಿಂತಿದ್ದ ಸೊಸೆ, “ಏನತ್ತೆ ನೋಡ್ತಾ ಇದ್ದೀರಿ?” ಎಂದಳು.

“ಎರಡು ಬಣ್ಣ ಕಣವ್ವಾ,” ಎಂದೆ. “ಒಂದು ಕೆಂಪು, ಒಂದು ಹಸುರು.”

ಅವಳು ಕಂಬಿಯ ಮೇಲೆ ಬಗ್ಗಿ ನೋಡಿದಳು. “ನಂಗೇನೂ ಕಾಣ್ತಿಲ್ವಲ್ಲ.”

“ನಂಗೂ ಕಾಣಲ್ಲ. ನೋಡ್ದೋರು ಹೇಳವ್ರೆ.”