ಅತ್ತೆಯ ಹೆಸರಿನ ಕೂಸು

ಅರವತ್ತರ ದಶಕದ ಮೊದಲ ವರ್ಷಗಳು. ವಿಶ್ವವಿದ್ಯಾಲಯದಲ್ಲಿ ಶಿಶುವಿಕಾಸ ಶಾಸ್ತ್ರ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಅಕ್ಕನನ್ನು ಕೊಟ್ಟ ದೊಡ್ಮನೆಗೆ ಹೋಗಿದ್ದೆ. ಮಕ್ಕಳು ಬೆಳೆಯುವುದನ್ನು ಓದಿ ಕಲಿಯಬೇಕೇ ಎಂದು ಎಲ್ಲರೂ ನಗುತ್ತಿದ್ದರು. ಅಕ್ಕ ನಗಲಿಲ್ಲ. ಬಾವಿಕಟ್ಟೆಯ ಬಳಿ ನನ್ನ ಕೈ ಹಿಡಿದು ಕೇಳಿದಳು: "ಓದಿದ್ಯಲೆ, ನೀನೇ ಹೇಳು. ಇದು ಯನ್ನ ಕೂಸನಾ, ಅತ್ತೆಯಾ?"

ಅವಳ ಮೂರು ವರ್ಷದ ಮಗಳಿಗೆ ತೀರಿಹೋದ ಅತ್ತೆಯ ಹೆಸರಿಟ್ಟಿದ್ದರು. ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ. ಹಾಗಾಗಿ ಅಕ್ಕನ ಬಾಯಲ್ಲಿ ಮಾತ್ರ ಅವಳು 'ಪುಟ್ಟಿ'. ಈಚೆಗೆ ಹಾಗೆ ಕರೆದರೆ ಮಗು ತಿರುಗುತ್ತಿರಲಿಲ್ಲ. ಹತ್ತಿರ ಹೋದರೆ, ಅಂಥವಳೇ ಇಲ್ಲವೆಂಬಂತೆ ತಣ್ಣಗೆ ಹೇಳುತ್ತಿತ್ತು: "ಪುಟ್ಟಿ ಇಲ್ಲೆ."

ಸತ್ತ ಅತ್ತೆಯ ನಾದಿನಿ, ಆ ಮನೆಯಲ್ಲೇ ಉಳಿದಿದ್ದ ಮುದುಕಿ, ಮಗುವನ್ನು ಎದುರು ಕೂರಿಸಿಕೊಂಡು ಹೆಸರು ಹಿಡಿದು ಕೇಳುತ್ತಿದ್ದಳು: "ನಿನ್ನ ಸುಣ್ಣದ ಡಬ್ಬಿ ಎಲ್ಲಿದ್ದೇ?" ಮಗು ತೊಲೆಯತ್ತ ಕೈ ಎತ್ತುತ್ತಿತ್ತು. ಅಲ್ಲಿ ಡಬ್ಬಿ ಇತ್ತು.

"ನೋಡ್ದ್ಯ? ಅತ್ತಿಗೆನೇ ಮತ್ತೆ ಹುಟ್ಟಿ ಬೈಂದು. ನಾಳೆಯಿಂದ ಅದರ ಮಂಚದ ಮೇಲೆ, ಯನ್ನ ಹತ್ರ ಮನಗ್ಲಿ."

ಮಗುವಿಗಿಂತ ಮೊದಲು ಅದರ ಸುತ್ತಲಿನ ದೊಡ್ಡವರನ್ನು ನೋಡಿ ಎಂದು ನಮಗೆ ಕಲಿಸಿದ್ದರು. ನೋಡಿದೆ. ಪ್ರಶ್ನೆ ಮುಗಿಯುವ ಮೊದಲೇ ಮುದುಕಿಯ ಕಣ್ಣು ತೊಲೆಗೆ ಹೋಗುತ್ತಿತ್ತು. ಮಗು ನೋಡುತ್ತಿದ್ದುದು ಆ ಕಣ್ಣನ್ನು. ಮುಖ ತಿರುಗಿಸಿ ಕೇಳಿ ಎಂದೆ.

"ಕಾಲೇಜಲ್ಲಿ ಇದನ್ನೇ ಕಲಿಸ್ತ್ವನೇ? ಮುದ್ಕಿ ಕಣ್ಣು ಕಾಯದು?" ಎನ್ನುತ್ತಲೇ ಅವಳು ಗೋಡೆಗೆ ಮುಖ ಮಾಡಿ ಇನ್ನೊಂದು ವಸ್ತುವನ್ನು ಕೇಳಿದಳು. ಮಗು ಅವಳ ಬೆನ್ನನ್ನೇ ನೋಡುತ್ತ ಸುಮ್ಮನಿತ್ತು.

ನಾನು ಗೆದ್ದೆನೆಂದುಕೊಂಡೆ. ಅಕ್ಕ ಆಸೆಯಿಂದ "ಪುಟ್ಟಿ" ಎಂದಳು. ಮಗು ಕದಲಲಿಲ್ಲ.

ಆಗ ಹೊಳೆದದ್ದನ್ನು ಹೇಳಿದೆ: "ಆ ಹೆಸರು ಈಗ ಅದರದ್ದೇ ಅಲ್ದನೇ? ಅದ್ನ ಅದರ ಹೆಸರಿಂದ ಕರಿಯದೇ ಇದ್ದವಳು ನೀನೊಬ್ಳೇ."

ಅಕ್ಕ ಎದ್ದು ಜಗುಲಿಗೆ ನಡೆದಳು. ಮೆಟ್ಟಿಲ ಮೇಲೆ ನಿಂತು, ಮದುವೆಯಾದಂದಿನಿಂದ ಆಡದ ಹೆಸರನ್ನು ಗಟ್ಟಿಯಾಗಿ ಕರೆದಳು. ಮುದುಕಿ ಕಿವಿ ಮುಚ್ಚಿಕೊಂಡಳು. ಮಗು "ಆಯೀ" ಎಂದು ಅಮ್ಮನನ್ನು ಕೂಗುತ್ತ ಓಡಿಬಂದು ಅವಳ ಸೀರೆಯಲ್ಲಿ ಮುಖ ಹುದುಗಿಸಿತು. ಆ ದಿನದಿಂದ ಅದು ತಾಯಿಯ ಮಗ್ಗುಲಲ್ಲೇ ಮಲಗಿತು.

ಇಷ್ಟೇ ನಡೆದದ್ದು. ಆದರೆ ಕೆಲವು ವರ್ಷಗಳಿಂದ ನನ್ನ ನೆನಪಿನಲ್ಲಿ ಇನ್ನೊಂದು ಸೇರಿಕೊಂಡಿದೆ. ಅಕ್ಕ ಕರೆದಾಗ, ಮಗುವಿಗಿಂತ ಮೊದಲು, ಯಾರೂ ಇಲ್ಲದ ಅಡುಗೆಮನೆಯಿಂದ ನಿಧಾನವಾಗಿ "ಓ" ಎಂದದ್ದು. ನೆನಪು ಹೀಗೆ ತಾನಾಗಿ ಹೊಲಿಗೆ ಹಾಕಿಕೊಳ್ಳುತ್ತದೆಂದು ನಾನು ಓದಿಯೇ ಬಲ್ಲೆ. ಆದರೂ ಒಮ್ಮೆ ಅಕ್ಕನನ್ನು ಕೇಳಿಬಿಟ್ಟೆ: "ಅವತ್ತು ಯಾರೋ 'ಓ' ಅಂದ ಹಾಂಗೆ ಕೇಳ್ಸಿತ್ತಾ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮುದುಕಿ ಮಗುವನ್ನು ಕೇಳುತ್ತಿದ್ದುದೂ ಹೀಗೆಯೇ, ಉತ್ತರವನ್ನು ತಾನೇ ತೋರಿಸಿಕೊಟ್ಟು.



"ಹೌದೇ," ಎಂದಳು ಅಕ್ಕ. "ಅಡಿಗೆಮನೆಯಿಂದ."

ಅಡುಗೆಮನೆಯೆಂದು ನಾನು ಹೇಳಿರಲಿಲ್ಲ. ಹೇಳಿರಲಿಲ್ಲವೆಂದೇ ನನ್ನ ನೆನಪು.