ಬಾಗಿದ ಕಂಬ ನೆಟ್ಟಗೆ ಮಾಡಿದ ಭಾಗಪ್ಪ

ಜೈನಾಪುರದ ಬಡಿಗೇರ ಭಾಗಪ್ಪನಿಗೆ ಸೊಟ್ಟಗಿದ್ದದ್ದು ಕಂಡರೆ ಕೈ ತುರಿಸುತ್ತಿತ್ತು. ಬೀಗರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟಿಗೆ ತೂಗುಗುಂಡು ಬಿಟ್ಟು ನೋಡುವವನು. ಕುಂಟೆ, ಕೂರಿಗೆ, ಗಾಡಿ ಮಾಡಿಯೇ ಅವನ ತಲೆ ನರೆತಿತ್ತು. ಹಳ್ಳದಲ್ಲಿ ಕಂಬ ನೆಟ್ಟವನಲ್ಲ.

ನಲವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಊರವರು ಹಳ್ಳ ದಾಟಲು ಒಂದು ಕಟ್ಟಿಗೆಯ ಪೂಲು ಹಾಕೆಂದಾಗ ಅವನು ಹೂಂ ಅಂದದ್ದು ಮಗಳಿಗಾಗಿ. ನೀಲಾಬಾಯಿಯನ್ನು ಹಳ್ಳದಾಚೆ ಮಮದಾಪುರಕ್ಕೆ ಕೊಟ್ಟಿದ್ದ. ಚೊಚ್ಚಲ ಬಸಿರು, ಅತ್ತೆಯಿಲ್ಲದ ಮನೆ. ಹೆರಿಗೆ ತವರಲ್ಲೇ ಆಗಬೇಕು. ಆದರೆ ಬಿತ್ತಿಗೆ ಮುಗಿಯುವ ತನಕ ರೊಟ್ಟಿ ಬಡಿಯುವವರಿಲ್ಲ, ಆಮೇಲೆ ಕಳಿಸುತ್ತೇವೆ ಎಂದಿದ್ದ ಅವಳ ಮಾವ. ಅಷ್ಟರಲ್ಲಿ ಮಳೆ ಬಂದು ಹಳ್ಳ ತುಂಬುತ್ತಿತ್ತು.

ಹಳ್ಳದ ತಳದ ಎರೆ ಮಣ್ಣು ಬೇಸಿಗೆಯಲ್ಲೂ ಬೆಣ್ಣೆಯಂತೆ ಮೆತ್ತಗಿತ್ತು. ಜಾಲಿಯ ಕಂಬಗಳು ಬಡಿದ ಹಾಗೆ ನೆಟ್ಟಗೆ ಇಳಿದವು. ದಂಡೆ ಕಡಿದ ಮಣ್ಣನ್ನು ದೂರ ಹೊರುವ ಬೇಸರಕ್ಕೆ ಆಳುಗಳು ಕಂಬಗಳ ಪಕ್ಕದಲ್ಲೇ ಗುಡ್ಡೆ ಹಾಕಿದರು. ಆ ಭಾರಕ್ಕೆ ಅಡಿಯ ಕೆಸರು ಸರಿದು ಕಂಬಗಳೆಲ್ಲ ಒಂದೇ ಕಡೆ ವಾಲಿದವು.

"ವಾಲಿದ್ರ ವಾಲ್ಲಿ ಬಿಡೋ," ಎಂದ ಗಾಡಿ ಹೊಡೆಯುವ ಬುಡ್ಡೇಸಾಬ. "ಕಂಬದ ಮ್ಯಾಲ ಕಲ್ಲ ಹೇರಿ ನೋಡಿದ್ವಿ, ಕೂದಲಷ್ಟೂ ಕುಸೀಲಿಲ್ಲ. ಮಣ್ಣಿನ ಗುಡ್ಡಿ ಅಷ್ಟ ತಗಿಯೂಣು."

"ಮಂದಿ ಏನಂದಾರು? ಭಾಗಪ್ಪ ಕುಡದು ಕಂಬ ನೆಟ್ಟಾನಂತಾರ."

"ಕಂಬನ ಕುಡದಾವಂತ ಹೇಳು."

ಭಾಗಪ್ಪ ನಗಲಿಲ್ಲ. ಹಗ್ಗ ಬಿಗಿದು, ಎತ್ತು ಹೂಡಿ, ಒಂದೊಂದೇ ಕಂಬ ಎಳೆಸಿದ. ಗುಂಡು ಬಿಟ್ಟು ನೋಡಿದರೆ ಎಲ್ಲ ನೆಟ್ಟಗೆ. ಬುಡದಲ್ಲಿ ಮಾತ್ರ ಕೈ ತೂರುವಷ್ಟು ಸಂದಿ ಬಿದ್ದಿತ್ತು. ಅದಕ್ಕೆ ಮಣ್ಣು ತುಂಬಿ ತುಳಿದು, ಮೇಲೆ ಹಲಗೆ ಜೋಡಿಸಿದ. ಒಮ್ಮೆ ಕದಡಿದ ಆ ಮಣ್ಣು ಮತ್ತೆ ಕಂಬವನ್ನು ಮೊದಲಿನಂತೆ ಹಿಡಿಯಲಿಲ್ಲ.

ಬಿತ್ತಿಗೆ ಮುಗಿದ ಮೇಲೆ ಮಗಳ ಗಾಡಿ ಆಚೆ ದಂಡೆಗೆ ಬಂತು. ಹಳ್ಳ ಆಳು ಮುಳುಗುವಷ್ಟು ಹರಿಯುತ್ತಿತ್ತು. ಅವಳ ಕೈಹಿಡಿದು ತರಲು ಭಾಗಪ್ಪ ಪೂಲಿನ ಮೇಲೆ ನಡೆದ. ಕಾಲಡಿಯ ಕಂಬ ಸದ್ದಿಲ್ಲದೆ ಇಳಿಯಿತು. ಅದರ ಹಿಂದೆ ಇನ್ನೊಂದು. ಹಲಗೆಗಳು ಕಳಚಿ ನೀರಿನ ಪಾಲಾದವು. ಹಿಂದೆಯೇ ಬಂದಿದ್ದ ಬುಡ್ಡೇಸಾಬ ಅವನ ಅಂಗಿ ಹಿಡಿದು ದಂಡೆಗೆ ಎಳೆದುಕೊಂಡ.

"ಯಪ್ಪಾ, ಬ್ಯಾನಿ ಸುರುವಾಗ್ಯಾವ," ಆಚೆಯಿಂದ ನೀಲಾಬಾಯಿ ಕೂಗಿದಳು. "ಅವ್ವನ್ನ ಕಳಸು."

ಅವಳ ತಾಯಿ ಮುರಿಗೆವ್ವ ಹಳೆ ಸೀರೆಯ ಗಂಟು ಹಿಡಿದು ಗಂಡನ ಪಕ್ಕದಲ್ಲೇ ನಿಂತಿದ್ದಳು. "ಹೊಳ್ಳಿ ಹೋಗು ಯವ್ವಾ. ಸೂಲಗಿತ್ತಿ ಪೀರಾಂಬೀನ್ನ ಕರಿ."

"ಆಕಿ ಉರುಸಿಗೆ ಹೋಗ್ಯಾಳ ಬೇ."

"ಹಂಗಾರ ಯಾರನ್ನರ ಕರಿ."

ಗಾಡಿ ಹೊಳ್ಳಿ ಮಮದಾಪುರದ ಕಡೆ ಹೊರಟಿತು. ಭಾಗಪ್ಪ ದಂಡೆಯ ಬಳಿ ಸೊಂಟಮಟ ನೀರಿಗಿಳಿದು ಉಳಿದ ಕಂಬವೊಂದನ್ನು ಅಪ್ಪಿಕೊಂಡ. ಅದು ಸಡಿಲಾದ ಹಲ್ಲಿನಂತೆ ಅಲುಗಿತು. ಮೇಲೆ ಬಾ ಎಂದು ಹೆಂಡತಿ ಕರೆದರೂ ಬರಲಿಲ್ಲ.

ನೀರು ಇಳಿದ ಮೇಲೆ ಗಂಡಹೆಂಡತಿ ಮಮದಾಪುರಕ್ಕೆ ಹೋದರು. ಮಗಳು ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಭಾಗಪ್ಪ ಹೊಸ್ತಿಲ ಹೊರಗೇ ನಿಂತ. ನೀಲಾಬಾಯಿ ಕೌದಿಯೊಳಗಿಂದ ತಲೆಯೆತ್ತಿದಳು.

"ಯಪ್ಪಾ, ಉಂಡು ಬಂದೀಯೇನ?" ಎಂದಳು.